ಪೊಯಿಸರ್ ದಡದಿಂದ ನೃಪತುಂಗನ ಹೆಸರಿನವರೆಗೆ

ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋದವರು ಊರನ್ನು ನದಿಯಿಂದಲೇ ನೋಡಲು ಶುರುಮಾಡುತ್ತಾರೆ. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಅಲ್ಲಿ ಕೂಡುತ್ತವೆ. ಆ ಕೂಡಲಿನ ಬಳಿಯ ಗುಡ್ಡದ ಮೇಲೆ ಕ್ರಿ.ಪೂ. 43ರಲ್ಲಿ ರೋಮನ್ನರು ಲುಗ್ಡುನಮ್ ಎಂಬ ಪಟ್ಟಣ ಕಟ್ಟಿದರು. ಇಂದು ಪ್ರವಾಸಿ ಸೋನ್ ದಡದ ಹಳೆಯ ಪೇಟೆಯ ಓಣಿಗಳಲ್ಲಿ ಸುತ್ತಾಡಿ, ಫುರ್ವಿಯೇರ್ ಗುಡ್ಡ ಹತ್ತಿ, ಸುಮಾರು 10,000 ಜನ ಕೂರಬಹುದಾಗಿದ್ದ ರೋಮನ್ ರಂಗಮಂದಿರದ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾನೆ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಒಂದು ಕಂಚಿನ ಹಲಗೆ ಇದೆ. ಇದೇ ಊರಿನಲ್ಲಿ ಹುಟ್ಟಿ ರೋಮಿನ ಚಕ್ರವರ್ತಿಯಾದ ಕ್ಲಾಡಿಯಸ್ ಕ್ರಿ.ಶ. 48ರಲ್ಲಿ ಸೆನೆಟ್ಟಿನಲ್ಲಿ ಮಾಡಿದ ಭಾಷಣವನ್ನು ಅದರಲ್ಲಿ ಕೊರೆಯಲಾಗಿದೆ. ತಮ್ಮ ಊರಿನ ಹುಡುಗನ ಮಾತು ಎಂಬ ಅಭಿಮಾನದಿಂದ ಲಿಯೋನಿನವರು ಅದನ್ನು ತೋರಿಸುತ್ತಾರೆ.

ಆ ಊರಿಗೂ ಮುಂಬಯಿಗೂ ಒಂದು ಹಳೆಯ ನಂಟಿದೆ. ಸಿನಿಮಾ ಯಂತ್ರವನ್ನು ಜಗತ್ತಿಗೆ ಕೊಟ್ಟ ಲ್ಯೂಮಿಯೇರ್ ಸಹೋದರರ ಕಾರ್ಖಾನೆ ಇದ್ದದ್ದು ಲಿಯೋನಿನಲ್ಲಿ. ಅವರ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ, 1896ರ ಜುಲೈ 7ರಂದು.

ಮುಂಬಯಿಯ ಉಪನಗರ ಕಾಂದಿವಲಿಯಲ್ಲಿ ನೆಲೆಸಿದ ಕರಾವಳಿಯ ಕನ್ನಡಿಗರಲ್ಲಿ ಇಂಥ ಊರುಗಳನ್ನು ನೋಡಿಬರುವವರು ಈಗ ಅಪರೂಪವಲ್ಲ. ನದಿಯ ದಡ ಹಿಡಿದು ಊರಿನ ಚರಿತ್ರೆ ಓದುವ ಅದೇ ಕ್ರಮವನ್ನು ಕಾಂದಿವಲಿಯಲ್ಲೂ ಅನುಸರಿಸಬಹುದು. ಯಾಕೆಂದರೆ ಕಾಂದಿವಲಿಗೂ ಒಂದು ನದಿಯಿದೆ. ಅದು ಹುಟ್ಟುವ ಕಾಡಿನೊಳಗೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕನ್ನಡದ ಒಬ್ಬ ದೊರೆಯ ಹೆಸರೂ ಇದೆ.

ನದಿಯ ಹೆಸರು ಪೊಯಿಸರ್. ಮೀಠಿ, ಓಶಿವರಾ, ದಹಿಸರ್‌ಗಳ ಜೊತೆ ಮುಂಬಯಿಯ ನಾಲ್ಕು ನದಿಗಳಲ್ಲಿ ಇದೂ ಒಂದು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಹುಟ್ಟಿ, ಕಾಂದಿವಲಿ ಪೂರ್ವದ ಕಟ್ಟಡಗಳ ನಡುವೆ ಇಳಿದು, ಹೆದ್ದಾರಿಯನ್ನೂ ರೈಲುಹಳಿಯನ್ನೂ ದಾಟಿ, ಪಶ್ಚಿಮದ ದಹಾಣೂಕರವಾಡಿಯ ಕಡೆಯಿಂದ ಖಾಡಿ ಸೇರುತ್ತದೆ. ದಿನಾ ಅದರ ಸೇತುವೆ ದಾಟುವವರಲ್ಲಿ ಹೆಚ್ಚಿನವರು ಅದನ್ನು ನಾಲಾ ಅಂತಲೇ ಕರೆಯುತ್ತಾರೆ. ಅವರನ್ನು ದೂರುವಂತಿಲ್ಲ. ಕಾಡಿನೊಳಗೆ ತಿಳಿಯಾಗಿ ಹರಿಯುವ ನೀರಿಗೆ ಊರು ಮುಟ್ಟುತ್ತಲೇ ಚರಂಡಿ ನೀರು, ಪ್ಲಾಸ್ಟಿಕ್, ತಬೇಲಾಗಳ ಸಗಣಿ ಬಂದು ಸೇರುತ್ತವೆ. ಎರಡೂ ಕಡೆ ಕಾಂಕ್ರೀಟಿನ ಗೋಡೆ ಎದ್ದಿದೆ. 2005ರ ಜುಲೈ 26ರಂದು ಸಾಂತಾಕ್ರೂಸಿನ ಮಾಪನದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಮುಂಬಯಿಯ ನದಿಗಳೆಲ್ಲ ತಮ್ಮ ಹಳೆಯ ಹರವನ್ನು ಹುಡುಕಿಕೊಂಡು ಮನೆಗಳೊಳಗೆ ನುಗ್ಗಿದವು. ಇವು ನಾಲಾಗಳಲ್ಲ, ನದಿಗಳು ಎಂಬುದು ಆ ಮೇಲೆಯೇ ಅನೇಕರಿಗೆ ಹೊಳೆದದ್ದು. ಈಗ ‘ರಿವರ್ ಮಾರ್ಚ್’ ಎಂಬ ಹೆಸರಿನಲ್ಲಿ ನಾಗರಿಕರೇ ಈ ನದಿಗಳ ಗುಂಟ ನಡೆದು ಜನರನ್ನು ಎಚ್ಚರಿಸುವ ಕೆಲಸಕ್ಕೆ ಇಳಿದಿದ್ದಾರೆ.

ಲಿಯೋನಿನ ಉದಾಹರಣೆ ಇಲ್ಲಿ ಧೈರ್ಯ ಕೊಡುತ್ತದೆ. ಅಲ್ಲಿ ರೋನ್ ನದಿಯ ಎಡದಂಡೆ ದಶಕಗಳ ಕಾಲ ಕಾರು ನಿಲ್ಲಿಸುವ ಜಾಗವಾಗಿತ್ತು. ಕಾರುಗಳನ್ನು ಅಲ್ಲಿಂದ ಎಬ್ಬಿಸಿ, ಸುಮಾರು 5 ಕಿಲೋಮೀಟರ್ ಉದ್ದಕ್ಕೂ ನಡೆಯುವ ಹಾದಿ, ಸೈಕಲ್ ದಾರಿ, ಹುಲ್ಲುಹಾಸು ಮಾಡಿ 2007ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಪ್ರವಾಸಿಗಳು ಇಂದು ಫೋಟೋ ತೆಗೆದುಕೊಳ್ಳುವ ಆ ದಂಡೆಗೆ ಇಪ್ಪತ್ತು ವರ್ಷದ ಆಯಸ್ಸೂ ತುಂಬಿಲ್ಲ. ಪೊಯಿಸರ್ ಅಷ್ಟು ದೊಡ್ಡ ನದಿಯಲ್ಲ, ನಿಜ. ಆದರೆ ಚಿಕ್ಕ ನದಿಯನ್ನೂ ತಿಳಿಗೊಳಿಸಬಹುದು. ಬೇಕಿರುವುದು ಅದನ್ನು ತಮ್ಮದೆಂದು ಕೇಳುವ ಜನ.

ಈ ಹರಿವಿನ ಆಸುಪಾಸಿನಲ್ಲಿ ಮನುಷ್ಯ ಬಾಳಿದ್ದು ಇಂದು ನಿನ್ನೆಯಿಂದಲ್ಲ. ಬ್ರಿಟಿಷ್ ನೌಕಾಧಿಕಾರಿ ಟಾಡ್ 1930ರ ದಶಕದಲ್ಲಿ ಕಾಂದಿವಲಿಯ ಮಣ್ಣು-ಜಲ್ಲಿಯ ಪದರಗಳಲ್ಲಿ ಶಿಲಾಯುಗದ ಆಯುಧಗಳನ್ನು ಹೆಕ್ಕಿದರು. 1939ರಲ್ಲಿ ಅವುಗಳ ವಿವರಗಳನ್ನು ಪ್ರಕಟಿಸಿದರು. ಭಾರತದ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಕಾಂದಿವಲಿಯ ಹೆಸರು ಬರುವುದು ಈ ಕಲ್ಲುಗಳಿಂದಾಗಿ.

ಇನ್ನು ಕಾಡಿನೊಳಗೆ ಹೋಗೋಣ. ಕಾಂದಿವಲಿಯಿಂದ ಲೋಕಲಿನಲ್ಲಿ ಮುಂದಿನ ಸ್ಟೇಷನ್ನೇ ಬೊರಿವಲಿ. ಪೂರ್ವಕ್ಕೆ ಇಳಿದು ಹೆದ್ದಾರಿ ಮುಟ್ಟಿದರೆ ರಾಷ್ಟ್ರೀಯ ಉದ್ಯಾನದ ದೊಡ್ಡ ಬಾಗಿಲು. ಚಿರತೆಗಳು ಓಡಾಡುವ, ಸುಮಾರು 104 ಚದರ ಕಿಲೋಮೀಟರಿನ ಈ ಕಾಡು ಮಹಾನಗರದ ಹೊಟ್ಟೆಯೊಳಗೇ ಇದೆ. ಪೊಯಿಸರ್ ಮಾತ್ರವಲ್ಲ, ತುಳಸಿ ಕೆರೆಯ ಕಡೆಯಿಂದ ಇಳಿಯುವ ದಹಿಸರ್ ನದಿಯೂ ಇಲ್ಲಿಯದೇ. ಬಾಗಿಲಿನಿಂದ ಆರೇಳು ಕಿಲೋಮೀಟರ್ ಒಳಗೆ ಕಾನ್ಹೇರಿ ಗುಹೆಗಳು.

ಕಪ್ಪು ಬಸಾಲ್ಟ್ ಗುಡ್ಡದ ಮೈಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದಿದ್ದಾರೆ. ಸಾಮಾನ್ಯವಾಗಿ ಹೇಳುವ ಲೆಕ್ಕ 109. ಕ್ರಿಸ್ತಶಕದ ಆರಂಭದ ಹೊತ್ತಿಗೆ ಶುರುವಾದ ಬೌದ್ಧ ಭಿಕ್ಷುಗಳ ಈ ನೆಲೆ ಸಾವಿರ ವರ್ಷದಷ್ಟು ಕಾಲ ಉಸಿರಾಡಿಕೊಂಡಿತ್ತು. ಹತ್ತಿರದ ಸೋಪಾರಾ ಮತ್ತು ಕಲ್ಯಾಣ ಆಗಿನ ದೊಡ್ಡ ಬಂದರುಗಳು. ಅಲ್ಲಿಯ ವರ್ತಕರು ಕೊಟ್ಟ ದಾನಗಳ ವಿವರ ಇಲ್ಲಿನ ಶಾಸನಗಳಲ್ಲಿದೆ. ಮೂರನೆಯ ಗುಹೆಯ ಚೈತ್ಯಾಲಯದಲ್ಲಿ ಸಾಲು ಕಂಬಗಳ ಕೊನೆಗೆ ಸ್ತೂಪ. ಹೊರಗಿನ ಮೊಗಸಾಲೆಯ ಎರಡು ತುದಿಗಳಲ್ಲಿ ಎರಡಾಳಿಗಿಂತ ಎತ್ತರದ ಬುದ್ಧರು ನಿಂತಿದ್ದಾರೆ. 41ನೆಯ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರನಿದ್ದಾನೆ. ಆದರೂ ಇಲ್ಲಿ ಅತ್ಯಂತ ಮೆಚ್ಚಬೇಕಾದದ್ದು ನೀರಿನ ವ್ಯವಸ್ಥೆ. ಹೆಚ್ಚುಕಡಿಮೆ ಪ್ರತಿ ಗುಹೆಯ ಪಕ್ಕದಲ್ಲೂ ಬಂಡೆಯಲ್ಲೇ ಕೊರೆದ ತೊಟ್ಟಿ, ಅದಕ್ಕೆ ಮಳೆನೀರನ್ನು ತರುವ ಕಿರುಗಾಲುವೆ. ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟು ಎಂಟು ತಿಂಗಳು ಬದುಕುವ ಲೆಕ್ಕಾಚಾರ ಅದು. ಟ್ಯಾಂಕರಿಗೆ ಕಾಯುವ ಉಪನಗರದವರು ನಿಂತು ನೋಡಬೇಕಾದ ಕೆಲಸ.

ಹನ್ನೊಂದನೆಯ ಗುಹೆಗೆ ದರ್ಬಾರ್ ಗುಹೆ ಎನ್ನುತ್ತಾರೆ. ನೆಲದಿಂದ ಸ್ವಲ್ಪವೇ ಎತ್ತರದ ಎರಡು ಕಲ್ಲಿನ ಉದ್ದ ಮಣೆಗಳು ಒಳಗೆ ಚಾಚಿಕೊಂಡಿವೆ. ಎಲ್ಲೋರದ ಐದನೆಯ ಗುಹೆ ನೋಡಿದವರಿಗೆ ಈ ಜೋಡಣೆ ಪರಿಚಿತ. ಕನ್ನಡಿಗರು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇಲ್ಲಿರುವ ಶಕ ವರ್ಷ 775ರ, ಅಂದರೆ ಕ್ರಿ.ಶ. 853ರ ಸುಮಾರಿನ ಶಾಸನದಲ್ಲಿ ಆಳುವ ಚಕ್ರವರ್ತಿಯ ಹೆಸರು ಅಮೋಘವರ್ಷ. ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ ರಾಜಧಾನಿ ಇಟ್ಟುಕೊಂಡಿದ್ದ ರಾಷ್ಟ್ರಕೂಟ ದೊರೆ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಒಡೆಯ. ಶಾಲೆಯ ಮಕ್ಕಳಿಗೂ ಗೊತ್ತಿರುವ ನೃಪತುಂಗ. ಅವನ ಕೈಕೆಳಗೆ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವರು ಶಿಲಾಹಾರ ಮನೆತನದ ಸಾಮಂತರು. ಶಕ 765ರ ಶಾಸನದಲ್ಲಿ ಪುಲ್ಲಶಕ್ತಿಯ ಹೆಸರಿದ್ದರೆ, 775 ಮತ್ತು 799ರ ಶಾಸನಗಳಲ್ಲಿ ಎರಡನೆಯ ಕಪರ್ದಿಯ ಹೆಸರಿದೆ. ಮೂರರಲ್ಲೂ ಮೇಲಿನ ದೊರೆ ಅಮೋಘವರ್ಷನೇ. ಭಾಷೆ ಮಾತ್ರ ಸಂಸ್ಕೃತ.

ಹನ್ನೊಂದನೆಯ ಗುಹೆಯ ಶಾಸನದ ವಿಷಯವೂ ಸೊಗಸಾಗಿದೆ. ಗೌಡ ದೇಶದಿಂದ, ಅಂದರೆ ಇಂದಿನ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಬೌದ್ಧ ಭಕ್ತ ಇಲ್ಲಿ ಭಿಕ್ಷುಗಳ ಧ್ಯಾನಕ್ಕೆ ಕೋಣೆಗಳನ್ನು ಮಾಡಿಸಿ, ನೂರು ದ್ರಮ್ಮ ನಾಣ್ಯಗಳನ್ನು ಶಾಶ್ವತ ನಿಧಿಯಾಗಿ ಇಟ್ಟ. ಬಂಗಾಳದ ದಾನಿ, ಕೊಂಕಣದ ಸಾಮಂತ, ಜೈನಧರ್ಮದ ಪೋಷಕನೆಂದು ಹೆಸರಾದ ಕನ್ನಡ ನಾಡಿನ ಚಕ್ರವರ್ತಿ, ಬೌದ್ಧರ ಗುಹೆ. ಇವೆಲ್ಲ ಕೂಡಿದ ಜಾಗ ಕಾಂದಿವಲಿಯಿಂದ ಒಂದು ಗಂಟೆಯ ಹಾದಿ. ಕ್ಲಾಡಿಯಸ್‌ನ ಕಂಚಿನ ಹಲಗೆಗೆ ಲಿಯೋನಿನವರು ಕೊಡುವ ಗೌರವ ಈ ಕಲ್ಲಿಗೂ ಸಲ್ಲಬೇಕು.

ಪ್ರವಾಸಿಗಳು ಇಲ್ಲಿಗೆ ಬರುವುದು ಹೊಸತೇನಲ್ಲ. 90ನೆಯ ಗುಹೆಯಲ್ಲಿ ಪಹಲವಿ ಲಿಪಿಯ ಬರಹಗಳಿವೆ. ಕ್ರಿ.ಶ. 1009 ಮತ್ತು 1021ರಲ್ಲಿ ಗುಹೆ ನೋಡಲು ಬಂದ ಪಾರ್ಸಿಗಳು ತಮ್ಮ ಹೆಸರುಗಳನ್ನು, ಬಂದ ದಿನವನ್ನು ಕೊರೆದು ಹೋಗಿದ್ದಾರೆ. ಸಾವಿರ ವರ್ಷ ಹಳೆಯದಾದ್ದರಿಂದ ಅದು ಈಗ ಚರಿತ್ರೆ; ಇಂದು ಯಾರಾದರೂ ಹಾಗೆ ಮಾಡಿದರೆ ಅಪರಾಧ. ಪಾರ್ಸಿಗಳ ಹಳೆಯ ಧರ್ಮಗ್ರಂಥಗಳನ್ನು ಕಲಿಯಲು ಸೂರತ್ತಿಗೆ ಬಂದಿದ್ದ ಫ್ರಾನ್ಸಿನ ವಿದ್ವಾಂಸ ಆಂಕೆತಿಲ್ ದ್ಯುಪೆರಾನ್ ಕೂಡ 1760ರಲ್ಲಿ ಕಾನ್ಹೇರಿಯನ್ನು ನೋಡಿ, 1771ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ವಿಷಯ ಬರೆದ.

ಸಂಜೆಗೆ ಸಮಯ ಉಳಿದರೆ ಬೊರಿವಲಿ ಪಶ್ಚಿಮಕ್ಕೆ ದಾಟಿ, ರಿಕ್ಷಾ ಹಿಡಿದು ಮಂಡಪೇಶ್ವರಕ್ಕೆ ಹೋಗಬಹುದು. ಇದು ಶಿವನ ಗುಹೆ; ಒಳಗೆ ನಟರಾಜನ ಕೆತ್ತನೆಯಿದೆ. ಈ ಉಪನಗರಗಳಿರುವ ಸಾಷ್ಟಿ ದ್ವೀಪ 1534ರಲ್ಲಿ ಪೋರ್ಚುಗೀಸರ ಕೈಸೇರಿದ ಮೇಲೆ ಫ್ರಾನ್ಸಿಸ್ಕನ್ ಪಾದ್ರಿಗಳು ಗುಹೆಯನ್ನೇ ಇಗರ್ಜಿ ಮಾಡಿಕೊಂಡರು. ಬಂಡೆಯಲ್ಲಿ ಕೊರೆದ ಶಿಲುಬೆ ಈಗಲೂ ಕಾಣುತ್ತದೆ; ಮೇಲೆ ಪಾಳುಬಿದ್ದ ಕಟ್ಟಡದ ಗೋಡೆಗಳಿವೆ. 1737ರಲ್ಲಿ ಮರಾಠರು ಸಾಷ್ಟಿಯನ್ನು ಗೆದ್ದರು, 1774ರಲ್ಲಿ ಬ್ರಿಟಿಷರು. ಆಳುವವರು ಬದಲಾದಂತೆ ಗುಹೆಯ ದೇವರೂ ಬದಲಾದ. ಇಂದು ಮತ್ತೆ ಶಿವನಿಗೆ ಪೂಜೆ ನಡೆಯುತ್ತದೆ.

ಹೋಗುವವರು ಸೋಮವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಲಿ. ಅಂದು ಉದ್ಯಾನಕ್ಕೂ ಕಾನ್ಹೇರಿಗೂ ರಜೆ. ಮಳೆಗಾಲದಲ್ಲಿ ಗುಡ್ಡದ ತೊರೆಗಳು ತುಂಬಿ ಚೆಲುವು ಹೆಚ್ಚಿದರೂ ಪಾಚಿಗಟ್ಟಿದ ಬಂಡೆ ಜಾರುತ್ತದೆ. ವಯಸ್ಸಾದವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ವಾಸಿ. ಮಂಗಗಳ ಕಾಟವಿರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆಯಬಾರದು.

ಉಪನಗರದ ಕನ್ನಡ ಸಂಘಗಳಿಗೆ ಒಂದು ಮನವಿ. ರಾಜ್ಯೋತ್ಸವದ ತಿಂಗಳಲ್ಲಿ ಸಭಾಗೃಹದ ಕಾರ್ಯಕ್ರಮದ ಜೊತೆಗೆ ಒಂದು ಬೆಳಿಗ್ಗೆಯನ್ನು ಇದಕ್ಕಾಗಿ ತೆಗೆದಿಡಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನು ಮೊದಲು ಪೊಯಿಸರ್ ಸೇತುವೆಯ ಮೇಲೆ ನಿಲ್ಲಿಸಿ ಇದು ನದಿ ಎಂದು ತೋರಿಸಿ. ಆಮೇಲೆ ಹನ್ನೊಂದನೆಯ ಗುಹೆಗೆ ಕರೆದುಕೊಂಡು ಹೋಗಿ ನೃಪತುಂಗನ ವಿಷಯ ಹೇಳಿ.