ಸೂಪರ್‌ಚಾರ್ಜರಿನ ಬೇರಿಂಗು, ನಮ್ಮ ಪಂಪಿನ ಬೇರಿಂಗು

ಸೂಪರ್‌ಚಾರ್ಜರು ಎಂಬುದು ನಮ್ಮ ಸದಸ್ಯರ ತೋಟಗಳಲ್ಲಿ ಕಾಣಸಿಗುವ ಯಂತ್ರವಲ್ಲ. ಆದರೂ ಅದರ ರಿಪೇರಿಯ ವಿಚಾರವನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ. ಕಾರಣವಿಷ್ಟೆ: "ಇದು ರಿಪೇರಿಯಾಗುವಂಥದ್ದಲ್ಲ, ಪೂರಾ ಹೊಸದನ್ನೇ ಹಾಕಬೇಕು" ಎಂಬ ಮಾತನ್ನು ಪಂಪಿನ ವಿಷಯದಲ್ಲೋ ಸ್ಪ್ರೇಯರಿನ ವಿಷಯದಲ್ಲೋ ಕೇಳದ ಬೆಳೆಗಾರನಿಲ್ಲ. ಇದೇ ಮಾತನ್ನು ಇಂಗ್ಲೆಂಡ್, ಅಮೆರಿಕಗಳ ಕಾರು ಮಾಲೀಕರೂ ಕೇಳಿದರು. ಅವರಲ್ಲಿ ಕೆಲವರು ಕೇಳಿ ಸುಮ್ಮನಾಗದೆ ಯಂತ್ರವನ್ನು ಬಿಚ್ಚಿ ನೋಡಿದರು.

ಎಂಜಿನ್ನು ಹೆಚ್ಚು ಶಕ್ತಿ ಕೊಡಬೇಕಾದರೆ ಹೆಚ್ಚು ಪೆಟ್ರೋಲು ಉರಿಯಬೇಕು. ಅದು ಉರಿಯಲು ಹೆಚ್ಚು ಗಾಳಿ ಬೇಕು. ಆ ಗಾಳಿಯನ್ನು ಒತ್ತಿ ತುಂಬುವ ಯಂತ್ರವೇ ಸೂಪರ್‌ಚಾರ್ಜರು. ಕಮ್ಮಾರನ ತಿದಿಯ ಕೆಲಸವನ್ನೇ ಅದು ಎಂಜಿನ್ನಿಗೆ ಮಾಡುತ್ತದೆ. ಇದರ ಮೂಲರೂಪ ಕಾರಿಗಾಗಿ ಹುಟ್ಟಿದ್ದೂ ಅಲ್ಲ. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಪಡೆದ ಊದುಯಂತ್ರ ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಒದಗಿಸುತ್ತಿತ್ತು. ಕಾರಿಗೆ ಅದನ್ನು ಕಟ್ಟಿ ಮಾರುವ ಕಾಲ ಬಂದದ್ದು 1921ರಲ್ಲಿ, ಬರ್ಲಿನ್ನಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಕಾರುಗಳ ಮೂಲಕ. 'ಕೊಂಪ್ರೆಸರ್' ಎಂದು ಹಿಂಬದಿಯಲ್ಲಿ ಬರೆದಿರುವ ಹಳೆಯ ಬೆಂಜ್ ಕಾರನ್ನು ಪೇಟೆಯಲ್ಲಿ ಕಂಡವರಿದ್ದರೆ, ಅದರೊಳಗೆ ಇರುವುದು ಇದೇ ಸಾಧನ.

ಉದಾಹರಣೆಗೆ 2002ರಿಂದ 2006ರವರೆಗೆ ಬಂದ ಮಿನಿ ಕೂಪರ್ ಎಸ್ ಎಂಬ ಪುಟ್ಟ ಕಾರನ್ನು ತೆಗೆದುಕೊಳ್ಳೋಣ. ಅದರಲ್ಲಿರುವುದು ಈಟನ್ ಕಂಪೆನಿಯ ಎಂ-45 ಸೂಪರ್‌ಚಾರ್ಜರು. ಅಲ್ಯೂಮಿನಿಯಂ ಗೂಡಿನೊಳಗೆ ಮೂರು ಮೂರು ಎಸಳಿನ ಎರಡು ರೋಟರುಗಳು ಒಂದಕ್ಕೊಂದು ಎದುರಾಗಿ ಸುತ್ತುತ್ತವೆ. ಒಂದು ಸುತ್ತಿಗೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ಗಾಳಿಯನ್ನು ದಾಟಿಸುತ್ತವೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ಮೀರಿ ಓಡಬಲ್ಲವು. ಸ್ವಾರಸ್ಯವೆಂದರೆ, ಇಷ್ಟು ವೇಗದಲ್ಲೂ ರೋಟರುಗಳು ಪರಸ್ಪರ ತಾಗಕೂಡದು, ಗೂಡಿಗೂ ತಾಗಕೂಡದು. ಅವುಗಳ ಹೊಂದಾಣಿಕೆಯನ್ನು ಒಂದು ಜೊತೆ ಗೇರುಗಳು ಕಾಯುತ್ತವೆ. ಜಾಗವನ್ನು ಬೇರಿಂಗುಗಳು ಕಾಯುತ್ತವೆ. ಬೇರಿಂಗು ಸವೆದು ಶಾಫ್ಟು ಕೂದಲೆಳೆಯಷ್ಟು ಅಲುಗಿದರೂ ಸಾಕು, ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಗೆ ಎದ್ದ ಚೂರು ಗಾಳಿಯೊಂದಿಗೆ ಎಂಜಿನ್ನಿನತ್ತಲೇ ಹೋಗುತ್ತದೆ. ಒಂದು ಬೇರಿಂಗಿನ ಉದಾಸೀನಕ್ಕೆ ಎಂಜಿನ್ನೇ ದಂಡ ತೆರಬೇಕಾಗುವುದು ಹೀಗೆ.

ಗೇರುಗಳಿಗೆ ಹಾಕಿದ ಎಣ್ಣೆ ಯಂತ್ರದ ಆಯುಷ್ಯಪೂರ್ತಿ ಸಾಕು ಎಂದು ತಯಾರಕರ ಲೆಕ್ಕ. ಆದರೆ ಕಾರು ತಯಾರಕರ ಲೆಕ್ಕಕ್ಕಿಂತ ಹೆಚ್ಚು ವರ್ಷ ಬದುಕಿತು. ಈ ಕಾರಿನಲ್ಲಿ ಸೂಪರ್‌ಚಾರ್ಜರಿನ ಹಿಂದಿನ ಗೇರುಗಳೇ ಎಂಜಿನ್ನು ತಣಿಸುವ ನೀರಿನ ಪಂಪನ್ನೂ ತಿರುಗಿಸುತ್ತವೆ. ಅಲ್ಲಿಯ ಎಣ್ಣೆ ಒಣಗಿ ಗೇರು ಸವೆದರೆ ಪಂಪು ನಿಲ್ಲುತ್ತದೆ, ಎಂಜಿನ್ನು ಕಾಯುತ್ತದೆ. ಆಯುಷ್ಯಪೂರ್ತಿ ಎಂಬ ಮಾತು ಯಾರ ಆಯುಷ್ಯದ್ದು ಎಂದು ಕೇಳಿಕೊಳ್ಳುವುದು ಗಿರಾಕಿಯ ಹಕ್ಕು ಎಂಬುದು ನಮ್ಮ ಅಭಿಪ್ರಾಯ.

ರಿಪೇರಿಗೆ ಕೂತವರು ಮೊದಲು ಕಿವಿಯನ್ನೇ ನಂಬುತ್ತಾರೆ. ನಿಧಾನ ಓಟದಲ್ಲಿ ಕಟಕಟ ಎಂದು, ವೇಗ ಏರಿದಂತೆ ಅಡಗುವ ಸದ್ದು ಬಹುಮಟ್ಟಿಗೆ ಪುಲ್ಲಿ ಶಾಫ್ಟನ್ನೂ ಗೇರನ್ನೂ ಕೂಡಿಸುವ ಕಪ್ಲಿಂಗಿನದು. ವೇಗದೊಂದಿಗೆ ತಾನೂ ಏರುವ ಗೊರಗೊರ ಸದ್ದು ಬೇರಿಂಗಿನದು. ಬೆಲ್ಟು ಕಳಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಸಿಕ್ಕಿಕೊಂಡಂತೆ ಬೆರಳಿಗೆ ತಿಳಿದರೆ ಸಂಶಯವೇ ಉಳಿಯದು.

ಬಿಚ್ಚಿದ ಮೇಲೆ ಕಾಣುವುದು: ಮುಂದಿನ ಶಾಫ್ಟಿಗೆ ಗುಂಡಿನ ಬೇರಿಂಗುಗಳು, ರೋಟರುಗಳ ಹಿಂದಿನ ತುದಿಗೆ ಸೂಜಿಯಂಥ ಸಣ್ಣ ಉರುಳೆಗಳ ಬೇರಿಂಗುಗಳು. ಇಲ್ಲಿಯೇ ಮುಖ್ಯ ಸಂಗತಿ. ಸೂಪರ್‌ಚಾರ್ಜರು ಮಾಡಿದವರು ಬಿಡಿಭಾಗ ಮಾರದಿದ್ದರೂ ಬೇರಿಂಗುಗಳನ್ನು ಮಾಡಿದವರು ಬೇರೆಯೇ ಕಂಪೆನಿಯವರು. ಹಲವು ಬೇರಿಂಗುಗಳ ಪಕ್ಕೆಯ ಮೇಲೆ ಲೋಕಕ್ಕೆಲ್ಲ ಒಂದೇ ಆದ ನಂಬರು ಇರುತ್ತದೆ. ನಂಬರು ಅಳಿಸಿದ್ದರೆ ವರ್ನಿಯರಿನಿಂದ ಒಳ ವ್ಯಾಸ, ಹೊರ ವ್ಯಾಸ, ಅಗಲ ಅಳೆದರೆ ಅದೇ ನಂಬರು ಹೊರಬೀಳುತ್ತದೆ. 6203 ಎಂದರೆ ಒಳಗೆ 17, ಹೊರಗೆ 40, ಅಗಲ 12 ಮಿಲಿಮೀಟರು. 6204 ಎಂದರೆ 20, 47, 14. ಕೊನೆಯ ಎರಡಂಕಿ 04 ಮತ್ತು ಅದಕ್ಕೆ ಮೇಲ್ಪಟ್ಟು ಇದ್ದಾಗ ಅದನ್ನು ಐದರಿಂದ ಗುಣಿಸಿದರೆ ಶಾಫ್ಟಿನ ದಪ್ಪ ಸಿಕ್ಕಿತು. ಬಾಲದ ಅಕ್ಷರಗಳೂ ಮುಖ್ಯ: ಝಡ್‌ಝಡ್ ಎಂದರೆ ಎರಡೂ ಪಕ್ಕೆಗೆ ಲೋಹದ ಮುಚ್ಚಳ, 2ಆರ್‌ಎಸ್ ಎಂದರೆ ರಬ್ಬರಿನ ಸೀಲು, ಸಿ3 ಎಂದರೆ ಒಳಗೆ ಗುಂಡಿಗೆ ತುಸು ಹೆಚ್ಚು ಸಡಿಲ. ಬಿಸಿಯಾಗುವ ಯಂತ್ರದಲ್ಲಿ ಸಿ3 ಇದ್ದ ಜಾಗಕ್ಕೆ ಬರಿಯ 6203 ತಂದು ಹಾಕುವವನು ಅಂಗಡಿಗೆ ಮತ್ತೆ ಹೋಗುವ ತಯಾರಿ ಮಾಡಿಕೊಂಡಿರಬೇಕು.

ಕೂರಿಸುವ ಕೆಲಸದಲ್ಲಿ ತಾಳ್ಮೆ ಬೇಕು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಗೂಡನ್ನು ಹದವಾಗಿ ಬಿಸಿ ಮಾಡಿದರೆ ಬೇರಿಂಗು ಸಲೀಸಾಗಿ ಸಡಿಲುತ್ತದೆ. ಶಾಫ್ಟಿಗೆ ಏರಿಸುವಾಗ ಒಳ ಬಳೆಯನ್ನು ಮಾತ್ರ ಒತ್ತಬೇಕು; ಗೂಡಿಗೆ ಇಳಿಸುವಾಗ ಹೊರ ಬಳೆಯನ್ನು ಮಾತ್ರ. ತಪ್ಪು ಬಳೆಗೆ ಬಿದ್ದ ಪೆಟ್ಟು ಗುಂಡುಗಳ ಮೂಲಕ ಹಾದು ಹೋಗುತ್ತದೆ. ಹೊಸ ಬೇರಿಂಗು ಹಾಕಿದ ದಿನವೇ ಹಳತಾಗುತ್ತದೆ. ಸೂಜಿ ಬೇರಿಂಗು ನೇರವಾಗಿ ಶಾಫ್ಟಿನ ಮೇಲೆಯೇ ಉರುಳುವ ಕಡೆ ಶಾಫ್ಟಿನಲ್ಲಿ ಗೀರು ಬಿದ್ದಿದ್ದರೆ ಹೊಸ ಬೇರಿಂಗಿನಿಂದ ಪ್ರಯೋಜನವಿಲ್ಲ. ಇನ್ನು ರೋಟರುಗಳ ಗೇರನ್ನು ತಕ್ಕ ಸಲಕರಣೆ ಇಲ್ಲದೆ ಎಳೆದು ತೆಗೆದರೆ ಎಸಳುಗಳ ಹೊಂದಾಣಿಕೆ ಕೆಡುತ್ತದೆ. ಅದನ್ನು ಬಲ್ಲ ಕಾರ್ಖಾನೆಗೇ ಬಿಡುವುದು ವಿವೇಕ. ಎಲ್ಲವನ್ನೂ ಮನೆಯ ಜಗಲಿಯಲ್ಲೇ ಮಾಡುತ್ತೇನೆಂಬ ಹಟವೂ ಬೇಡ.

(ನಮ್ಮ ಡೀಸೆಲ್ ಜೀಪುಗಳಲ್ಲಿರುವುದು ಟರ್ಬೊ. ಅದು ಹೊಗೆಯ ಬಲದಿಂದ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವಂಥದ್ದು. ಅದರ ಶಾಫ್ಟು ಎಣ್ಣೆಯ ಪದರದ ಮೇಲೆ ತೇಲುತ್ತದೆ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ನು ನಿಲ್ಲಿಸದೆ ಒಂದೆರಡು ನಿಮಿಷ ನಿಧಾನಕ್ಕೆ ಓಡಿಸಿ ಎಂದು ಡ್ರೈವರಿಗೆ ಹೇಳಿರಿ.)

ಈಗ ನಮ್ಮ ಮಾತಿಗೆ ಬರೋಣ. ಫೆಬ್ರವರಿ–ಮಾರ್ಚಿಯಲ್ಲಿ ರೊಬಸ್ಟಾ ತೋಟಕ್ಕೆ ಹೂವಿನ ನೀರು ಹಾಯಿಸುತ್ತಿರುವಾಗ ಮೋಟರು ಅರಚಲು ಶುರುವಾಯಿತೆನ್ನಿ. ಅರ್ಧ ತೋಟಕ್ಕೆ ನೀರಾಗಿದೆ, ಅರ್ಧಕ್ಕಿಲ್ಲ. ಆಗ ನಮ್ಮ ಸದಸ್ಯ ಹೇಳಿದ ಬೆಲೆಗೆ ಹೊಸ ಪಂಪನ್ನೇ ತರುತ್ತಾನೆ, ಸಾಲ ಮಾಡಿಯಾದರೂ. ಅದೇ ಮೋಟರಿನೊಳಗೆ ಇರುವುದೂ ಎರಡು ಬೇರಿಂಗುಗಳೇ. ತಿರುಗುವುದು ನಿಮಿಷಕ್ಕೆ 2,900ರ ಒಳಗೆ. ಸೂಪರ್‌ಚಾರ್ಜರಿಗೆ ಹೋಲಿಸಿದರೆ ಇದು ಎತ್ತಿನ ಗಾಡಿ. ಒಳ್ಳೆಯ ಮೆಕ್ಯಾನಿಕ್ಕು, ಒಂದು ಪುಲ್ಲರು, ಸರಿಯಾದ ನಂಬರು ಇದ್ದರೆ ಹೆಚ್ಚಾಗಿ ಒಂದೇ ದಿನದ ಕೆಲಸ.

ಆದರೆ ಬೇರಿಂಗು ಏಕೆ ಸತ್ತಿತು ಎಂದು ವಿಚಾರಿಸದೆ ಹೊಸದನ್ನು ಹಾಕಬಾರದು. ಮಾನೊಬ್ಲಾಕ್ ಪಂಪುಗಳಲ್ಲಿ ನೀರಿನ ಸೀಲು ಸೋರಿ, ನೀರು ಬೇರಿಂಗಿಗೆ ಇಳಿಯುವುದು ಮಾಮೂಲು. ಸೀಲು ಹಳೆಯದೇ ಉಳಿದರೆ ಹೊಸ ಬೇರಿಂಗಿಗೂ ಅದೇ ಗತಿ. ಪಲ್ಪರಿನಲ್ಲಿ ಬೆಲ್ಟನ್ನು ಅತಿಯಾಗಿ ಬಿಗಿಯುವುದು ಇನ್ನೊಂದು ಚಾಳಿ. ಗ್ರೀಸನ್ನು ತುಂಬಿ ತುಳುಕಿಸುವವರೂ ಇದ್ದಾರೆ. ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದವರೆಗೆ ಸಾಕು, ಹೆಚ್ಚಾದರೆ ಬೇರಿಂಗು ಕಾಯುತ್ತದೆ. ಅಗ್ಗದ ಬೆಲೆಗೆ ಹೆಸರಾಂತ ಕಂಪೆನಿಯ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತದೆ. ಅಧಿಕೃತ ಡೀಲರಲ್ಲಿ ರಸೀದಿ ಸಮೇತ ಕೊಳ್ಳಿರಿ.

ಮೋಟರಿನ ಎರಡು ತುದಿಯ ಬೇರಿಂಗುಗಳು ಅನೇಕ ವೇಳೆ ಬೇರೆ ಬೇರೆ ನಂಬರಿನವು. ಮುಂದಿನ ಸಲ ಪಂಪು ಬಿಚ್ಚಿದಾಗ ಎರಡನ್ನೂ, ಬಾಲದ ಅಕ್ಷರ ಬಿಡದೆ, ಪಂಪ್‌ಹೌಸಿನ ಬಾಗಿಲ ಒಳಮೈಯಲ್ಲಿ ಬಣ್ಣದಿಂದ ಬರೆದಿಡಿ. ಒಂದು ಚೀಟಿಯನ್ನು ಸಂಘದ ಕಚೇರಿಗೂ ಕಳಿಸಿರಿ. ಹೆಚ್ಚು ಸದಸ್ಯರಿಗೆ ಬೇಕಾಗುವ ನಂಬರುಗಳು ಯಾವುವೆಂದು ತಿಳಿದರೆ ಹೂವಿನ ನೀರಿನ ಕಾಲಕ್ಕೆ ಮುಂಚೆ ಒಟ್ಟಾಗಿ ತರಿಸುವ ವಿಚಾರವನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ.