ಮೊಲದ ಹಿಕ್ಕೆಯಿಂದ ಮುಗಿಲಿಗೆ

1994ರಲ್ಲಿ ಬೆಲ್ಜಿಯಂನ ಮೂವರು ಸಂಶೋಧಕರು ಮೊಲದ ಹಿಕ್ಕೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವೊಂದಕ್ಕೆ ಕ್ಲಾಸ್ಟ್ರಿಡಿಯಂ ಆಟೊಎಥನೊಜೀನಮ್ ಎಂದು ಹೆಸರಿಟ್ಟರು. ಹೆಸರು ನಾಲಿಗೆಗೆ ಕಷ್ಟ, ಊಟ ಇನ್ನೂ ವಿಚಿತ್ರ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿಕೊಂಡು ಮಲಗಿದವರ ಪ್ರಾಣ ತೆಗೆಯುವ ಕಾರ್ಬನ್ ಮಾನಾಕ್ಸೈಡೇ ಅದಕ್ಕೆ ಆಹಾರ. ತಿಂದು ಹೊರಹಾಕುವುದರಲ್ಲಿ ಎಥನಾಲ್ ಇರುತ್ತದೆ.

ಈ ಗುಣವನ್ನು ದುಡಿಸಿಕೊಂಡದ್ದು 2005ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಲಾಂಜಾಟೆಕ್ ಕಂಪನಿ. ಉಕ್ಕಿನ ಕಾರ್ಖಾನೆಯ ಕುಲುಮೆಯಿಂದ ಹೊಮ್ಮುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಧಾರಾಳ. ಅದನ್ನು ಬ್ಯಾಕ್ಟೀರಿಯಾ ತುಂಬಿದ ತೊಟ್ಟಿಯ ನೀರಿಗೆ ಬಿಡುತ್ತಾರೆ. ಪೇಚು ಇರುವುದೇ ಇಲ್ಲಿ: ಈ ಅನಿಲ ನೀರಿನಲ್ಲಿ ಸುಲಭಕ್ಕೆ ಕರಗದು. ಗುಳ್ಳೆ ದೊಡ್ಡದಾದರೆ ಬ್ಯಾಕ್ಟೀರಿಯಾದ ಬಾಯಿಗೆ ಸಿಗುವ ಮೊದಲೇ ಮೇಲೆದ್ದು ಒಡೆದುಹೋಗುತ್ತದೆ. ಗುಳ್ಳೆಯನ್ನು ಆದಷ್ಟು ಸಣ್ಣದು ಮಾಡುವುದೇ ಎಂಜಿನಿಯರುಗಳಿಗೆ ದೊಡ್ಡ ತಲೆನೋವು.

ಎಥನಾಲನ್ನು ನೇರವಾಗಿ ವಿಮಾನಕ್ಕೆ ಸುರಿಯಲಾಗದು. ತೂಕಕ್ಕೆ ತೂಕ ಹಿಡಿದರೆ ಅದರ ಶಕ್ತಿ ಜೆಟ್ ಇಂಧನದ ಮೂರರಲ್ಲಿ ಎರಡು ಪಾಲೂ ಇಲ್ಲ. ಹಾಗಾಗಿ ಅದರ ಅಣುವಿನಿಂದ ನೀರನ್ನು ಕಿತ್ತು ಎಥಿಲೀನ್ ಮಾಡಿ, ಆ ತುಣುಕುಗಳನ್ನು ಸರಪಳಿಯಾಗಿ ಪೋಣಿಸಿ, ಹೈಡ್ರೋಜನ್ ಸೇರಿಸುತ್ತಾರೆ. ಆಗ ಸಿಗುವುದು ಸೀಮೆಎಣ್ಣೆಯ ಜಾತಿಯ ದ್ರವ. 2018ರ ಅಕ್ಟೋಬರಿನಲ್ಲಿ ಚೀನಾದ ಉಕ್ಕಿನ ಕಾರ್ಖಾನೆಯೊಂದರ ಅನಿಲದಿಂದ ಹೀಗೆ ತಯಾರಾದ ಇಂಧನವನ್ನು ಮಾಮೂಲಿ ಇಂಧನದೊಂದಿಗೆ ಬೆರೆಸಿಕೊಂಡು ವರ್ಜಿನ್ ಅಟ್ಲಾಂಟಿಕ್ ವಿಮಾನ ಒರ್ಲ್ಯಾಂಡೊದಿಂದ ಲಂಡನ್ನಿಗೆ ಹಾರಿತು. ನಮ್ಮ ಇಂಡಿಯನ್ ಆಯಿಲ್ ಕೂಡ ಪಾಣಿಪತ್‌ನ ಶುದ್ಧೀಕರಣಾಗಾರದ ಅನಿಲದಿಂದ ಎಥನಾಲ್ ಮಾಡಲು ಲಾಂಜಾಟೆಕ್‌ನ ತಂತ್ರವನ್ನು ತಂದಿದೆ.

ಅಮೈರಿಸ್ ಕಂಪನಿ ಬೇರೆ ದಾರಿ ಹಿಡಿದಿತ್ತು. ಯೀಸ್ಟಿನ ಜೀನ್ ತಿದ್ದಿ ಬ್ರೆಜಿಲ್‌ನ ಕಬ್ಬಿನಿಂದ ಫಾರ್ನೆಸೀನ್ ಎಂಬ ಎಣ್ಣೆ ತೆಗೆಯಿತು. 2014ರಲ್ಲಿ ಅದು ವಿಮಾನದ ಟ್ಯಾಂಕಿಗೂ ಸೇರಿತು. ಆದರೆ ಅದೇ ಎಣ್ಣೆ ಮುಖಕ್ಕೆ ಹಚ್ಚುವ ಕ್ರೀಮಿಗೆ ಹೋದರೆ ಕಾಸು ಹೆಚ್ಚು! ಇಂಧನ ಹಿಂದೆ ಬಿತ್ತು. 2023ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಇನ್ನೊಂದು ಮಾತು. ಉಕ್ಕಿನ ಕುಲುಮೆಯ ಅನಿಲದಲ್ಲಿರುವುದು ಕಲ್ಲಿದ್ದಲಿನ ಇಂಗಾಲವೇ. ಚಿಮಣಿಯಿಂದ ಹೋಗಬೇಕಿದ್ದದ್ದು ವಿಮಾನದ ಎಂಜಿನ್ನಿನಿಂದ ಹೋಗುತ್ತದೆ, ಅಷ್ಟೇ. ಅಷ್ಟು ಪೆಟ್ರೋಲಿಯಂ ಉಳಿಯಿತು ಎಂಬುದು ನಿಜ. ಪೂರ್ತಿ ಹಸಿರು ಎನ್ನಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಅಂತರರಾಷ್ಟ್ರೀಯ ಹಾರಾಟಗಳಿಗೆ 2027ರಲ್ಲಿ ಪೆಟ್ರೋಲಿಯಂಗೆ ಬದಲಾದ ಇಂಥ ‘ಸುಸ್ಥಿರ ಇಂಧನ’ವನ್ನು ಶೇ 1ರಷ್ಟು ಬೆರೆಸುವುದು ಭಾರತದ ಗುರಿ. 2024ರಲ್ಲಿ ಇಡೀ ಜಗತ್ತಿನ ವಿಮಾನ ಇಂಧನದಲ್ಲಿ ಅದರ ಪಾಲು ಶೇ 0.3 ಇತ್ತು. ಅದರಲ್ಲೂ ಬಹುಪಾಲು ಬಂದದ್ದು ಕರಿದು ಉಳಿದ ಅಡುಗೆ ಎಣ್ಣೆ, ಪ್ರಾಣಿಕೊಬ್ಬುಗಳಿಂದ.