ಮನೋರೋಗ ಮತ್ತು ವಿದ್ಯೆಯ ಹಕ್ಕು

ಶಬ್ದಗಳಿಗೂ ಒಂದು ಚರಿತ್ರೆಯಿದೆ. 1912ರಲ್ಲಿ ಬ್ರಿಟಿಷ್ ಸರ್ಕಾರ ನಮಗಾಗಿ ರಚಿಸಿದ ಕಾಯಿದೆಯ ಹೆಸರು 'ಇಂಡಿಯನ್ ಲ್ಯೂನಸಿ ಆಕ್ಟ್'. ಲ್ಯಾಟಿನ್ನಿನಲ್ಲಿ 'ಲೂನಾ' ಎಂದರೆ ಚಂದ್ರ. ಚಂದ್ರನ ವೃದ್ಧಿಕ್ಷಯಗಳೊಡನೆ ಮನುಷ್ಯನ ಬುದ್ಧಿಯೂ ಕದಡುವುದೆಂಬ ಪುರಾತನ ನಂಬಿಕೆ ಆ ಶಬ್ದದಲ್ಲಿ ಅಡಗಿದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹುಚ್ಚು ಕೆರಳುತ್ತದೆಂದು ನಮ್ಮಲ್ಲಿಯೂ ಹೇಳುವುದುಂಟಷ್ಟೆ. ರೋಗಿಯನ್ನು ಎಲ್ಲಿ ಇರಿಸಬೇಕು, ಅವನ ಆಸ್ತಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ಆ ಕಾಯಿದೆಯ ಮುಖ್ಯ ಚಿಂತೆ. 1987ರಲ್ಲಿ ಬಂದ ಹೊಸ ಕಾಯಿದೆ ಹೆಸರನ್ನು ತಿದ್ದಿತು. ದೃಷ್ಟಿಯನ್ನು ತಿದ್ದಲು ಮತ್ತೆ ಮೂವತ್ತು ವರ್ಷ ಹಿಡಿಯಿತು.

ನಾನು ಅಧ್ಯಾಪಕನಾಗಿದ್ದಾಗ, ಹಳಗನ್ನಡ ಪದ್ಯಗಳನ್ನು ಬಲು ಸೊಗಸಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಮನೋರೋಗದಿಂದ ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದ. ಚೇತರಿಸಿಕೊಂಡು ಬಂದವನಿಗೆ ಕಾಲೇಜು ಹೇಳಿದ್ದಿಷ್ಟು: "ಕಾಯಿಲೆ ಮರುಕಳಿಸುವುದಿಲ್ಲವೆಂದು ವೈದ್ಯರಿಂದ ಬರೆಸಿಕೊಂಡು ಬಾ." ಯಾವ ವೈದ್ಯ ತಾನೆ ಹಾಗೆ ಬರೆದುಕೊಟ್ಟಾನು? ಕಾಮಾಲೆಯಿಂದ ಎದ್ದುಬಂದವನಿಗೆ ಯಾರೂ ಹಾಗೆ ಹೇಳುವುದಿಲ್ಲ. ಆ ಸಭೆಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ. ಹುಡುಗ ಮರಳಿ ಬರಲಿಲ್ಲ.

ಇಂದು ಅಂಥ ಮಾತಿಗೆ ಕಾಯಿದೆಯೇ ಉತ್ತರ ಕೊಡುತ್ತದೆ. 2017ರಲ್ಲಿ ಅಂಗೀಕೃತವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಹಿಂದೆ ಚಿಕಿತ್ಸೆ ಪಡೆದಿದ್ದನೆಂಬುದಷ್ಟೇ ಒಬ್ಬನನ್ನು ಇಂದು ರೋಗಿಯೆಂದು ನಿರ್ಣಯಿಸಲು ಸಾಲದು. ರೋಗವಿದೆಯೆಂದ ಮಾತ್ರಕ್ಕೆ ಅವನನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವನೆಂದು ಭಾವಿಸುವಂತೆಯೂ ಇಲ್ಲ. ಅದನ್ನು ಹೇಳಬೇಕಾದುದು ನ್ಯಾಯಾಲಯ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕು ಅವನಿಗಿದೆ. ರೋಗದ ವಿವರ ಗುಟ್ಟಾಗಿರಬೇಕೆಂಬ ಹಕ್ಕೂ ಇದೆ. ರೋಗಿಯನ್ನು ಸರಪಳಿಯಿಂದ ಬಿಗಿಯುವುದು ನಿಷಿದ್ಧ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳು ಬೆಂಕಿಯಲ್ಲಿ ಬೆಂದುಹೋದದ್ದನ್ನು ನೆನೆದರೆ, ಈ ನಿಷೇಧದ ಬೆಲೆ ತಿಳಿಯುತ್ತದೆ.

ವಿದ್ಯೆಯ ವಿಷಯಕ್ಕೆ ಬಂದರೆ, ಅಂಗವಿಕಲರ ಹಕ್ಕುಗಳನ್ನು ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಉನ್ನತ ಶಿಕ್ಷಣದಲ್ಲಿ ತಾರತಮ್ಯ ಕೂಡದು, ತಕ್ಕ ಅನುಕೂಲಗಳನ್ನು ಒದಗಿಸಬೇಕು ಎಂಬುದು ಅದರ ಆಶಯ. 2016ರ ನಮ್ಮ ಕಾಯಿದೆ ಮನೋರೋಗವನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದವರಿಗಾಗಿ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡಾ 5ರಷ್ಟಾದರೂ ಸ್ಥಾನಗಳನ್ನು ಮೀಸಲಿಡಬೇಕು.

ಆದರೆ ತರಗತಿಯ ಬಾಗಿಲಲ್ಲಿ ನಿಂತಿರುವವನು ಅಧ್ಯಾಪಕ. ಔಷಧದ ಮಂಪರಿನಿಂದ ತಡವಾಗಿ ಬಂದವನನ್ನು ಒಳಗೆ ಕರೆಯುವುದು, ತಪ್ಪಿದ ಪಾಠದ ಟಿಪ್ಪಣಿ ಕೊಡಿಸುವುದು, ಅವನ ಕಾಯಿಲೆಯ ಸುದ್ದಿಯನ್ನು ಸಹೋದ್ಯೋಗಿಗಳ ಹರಟೆಗೆ ಒಯ್ಯದಿರುವುದು, ಇವಕ್ಕೆ ಹಣ ಬೇಕಿಲ್ಲ. ಸಭೆಯಲ್ಲಿ ಒಂದು ಮಾತಾಡುವುದಕ್ಕೂ ಬೇಕಿರಲಿಲ್ಲ. ಅಂದು ನಾನು ಆಡದೆ ಉಳಿದ ಮಾತನ್ನು ಇಂದು ಬಾನುಲಿಯಲ್ಲಿ ಆಡುತ್ತಿದ್ದೇನೆ.